ಗ್ರಹಣ ಹಿಡಿಯಿತು ಎಂಬ ಮಾತು

ಕನ್ನಡದ ಆಡುನುಡಿಯಲ್ಲಿ ಗ್ರಹಣ ‘ಸಂಭವಿಸು’ವುದಿಲ್ಲ, ‘ಹಿಡಿಯುತ್ತದೆ’, ಆಮೇಲೆ ‘ಬಿಡುತ್ತದೆ’. ಸಂಸ್ಕೃತದ ಗ್ರಹಣ ಶಬ್ದದಲ್ಲಿಯೂ ಹಿಡಿಯುವಿಕೆಯೇ ಧಾತ್ವರ್ಥ. ಹಿಡಿಯುವವನೊಬ್ಬ ಇರಬೇಕೆಂಬ ನಿರೀಕ್ಷೆಯನ್ನು ಭಾಷೆಯೇ ಹುಟ್ಟಿಸುತ್ತದೆ. ಆ ಸ್ಥಾನದಲ್ಲಿ ಪುರಾಣ ರಾಹುವನ್ನು ನಿಲ್ಲಿಸಿತು. ಇಷ್ಟನ್ನೇ ಆಧಾರವಾಗಿಟ್ಟುಕೊಂಡು ನಮ್ಮ ಹಿಂದಿನವರನ್ನು ಕುರಿತು ಎರಡು ಅವಸರದ ತೀರ್ಪುಗಳು ಪ್ರಚಾರದಲ್ಲಿವೆ. ಹಿಂದಿನವರೆಲ್ಲ ಹಾವು ಸೂರ್ಯನನ್ನು ನುಂಗುತ್ತದೆಂದು ನಂಬಿದ್ದ ಮುಗ್ಧರು ಎಂಬುದು ಒಂದು. ಇಂದಿನ ಖಗೋಳವಿಜ್ಞಾನವೆಲ್ಲ ಅವರಿಗೆ ಅಂಗೈ ನೆಲ್ಲಿಯಾಗಿತ್ತು, ರಾಹು ಕೇವಲ ಸಂಕೇತ ಎಂಬುದು ಇನ್ನೊಂದು. ಸಾಹಿತ್ಯ ಮತ್ತು ಶಾಸನಗಳ ವಿದ್ಯಾರ್ಥಿಗೆ ಇವೆರಡೂ ಅಪಾಯಕಾರಿ. ಏಕೆಂದರೆ ಇವೆರಡೂ ಗ್ರಂಥವನ್ನು ಓದುವ ಶ್ರಮವನ್ನು ತಪ್ಪಿಸುತ್ತವೆ.

ಓದಿದರೆ ಸಿಗುವುದು ಬೇರೆಯೇ ಚಿತ್ರ. ಅರ್ಧಮಾಗಧಿ ಆಗಮಗಳಲ್ಲಿ ಒಂದಾದ ಭಗವತೀಸೂತ್ರದ ಹನ್ನೆರಡನೆಯ ಶತಕದಲ್ಲಿ ಗೌತಮನು ಕೇಳುವ ಪ್ರಶ್ನೆ ಆಕಾಶವನ್ನು ಕುರಿತದ್ದಕ್ಕಿಂತ ಹೆಚ್ಚಾಗಿ ಮಾತನ್ನು ಕುರಿತದ್ದು. ರಾಹು ಚಂದ್ರನನ್ನು ಹಿಡಿಯುತ್ತಾನೆಂದು ಜನ ಹೇಳುತ್ತಾರಲ್ಲ, ಅದು ಹೇಗೆ ಎಂದು ಅವನ ಸಂಶಯ. ಹಾಗೆ ಹೇಳುವುದು ಸರಿಯಲ್ಲವೆಂಬುದು ಮಹಾವೀರನ ಉತ್ತರ. ರಾಹು ಒಬ್ಬ ದೇವ. ಅವನ ವಿಮಾನ ಬರುತ್ತಲೋ ಹೋಗುತ್ತಲೋ ಚಂದ್ರನ ಬೆಳಕಿಗೆ ಅಡ್ಡವಾದಾಗ ಲೋಕದವರು ‘ಹಿಡಿದ’ ಎನ್ನುತ್ತಾರೆ. ಪಕ್ಕಕ್ಕೆ ಸರಿದು ಹೋದಾಗ ಚಂದ್ರ ರಾಹುವಿನ ಹೊಟ್ಟೆಯನ್ನು ಸೀಳಿದ ಎನ್ನುತ್ತಾರೆ. ಹಿಂದೆ ಸರಿದಾಗ ಕಕ್ಕಿದ ಎನ್ನುತ್ತಾರೆ. ನಡೆಯುವುದು ಮರೆಮಾಡುವಿಕೆ, ಉಳಿದದ್ದು ಮಾತಿನ ಅಲಂಕಾರ. ಸೂರ್ಯಪ್ರಜ್ಞಪ್ತಿಯ ಕೊನೆಯ ಪ್ರಾಭೃತದಲ್ಲಿಯೂ ಇದೇ ವಿಚಾರ ಬರುತ್ತದೆ. ರಾಹು ಇಲ್ಲಿ ಇಬ್ಬರು: ದಿನದಿನವೂ ಚಂದ್ರನ ಒಂದೊಂದು ಭಾಗವನ್ನು ಮುಚ್ಚಿ ತೆರೆದು ಕಲೆಗಳ ವೃದ್ಧಿಕ್ಷಯಗಳಿಗೆ ಕಾರಣನಾಗುವ ಧ್ರುವರಾಹು, ಪರ್ವದಲ್ಲಿ ಮಾತ್ರ ಅಡ್ಡಬರುವ ಪರ್ವರಾಹು.

ಈ ವಿವರಣೆ ತಪ್ಪು. ಚಂದ್ರನ ಕಲೆಗಳಿಗೆ ಯಾವ ಮರೆಯೂ ಕಾರಣವಲ್ಲ. ಸೂರ್ಯನ ಬೆಳಕು ಬಿದ್ದ ಅರ್ಧಗೋಳವನ್ನು ಭೂಮಿಯಿಂದ ನಾವು ಬೇರೆಬೇರೆ ಓರೆಯಲ್ಲಿ ನೋಡುವುದೇ ಕಾರಣ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆದರೆ ತಪ್ಪಾದ ವಿವರಣೆಯೊಳಗೆ ಸರಿಯಾದ ವೀಕ್ಷಣೆ ಇರಬಹುದು. ಪರ್ವರಾಹು ಮತ್ತೆ ಅಡ್ಡಬರುವುದಕ್ಕೆ ಕನಿಷ್ಠ ಆರು ತಿಂಗಳು ಬೇಕೆಂದು ಈ ಗ್ರಂಥಗಳು ಹೇಳುತ್ತವೆ. ಗರಿಷ್ಠ ಅಂತರ ಚಂದ್ರನಿಗೆ 42 ತಿಂಗಳು, ಸೂರ್ಯನಿಗೆ 48 ವರ್ಷ. ಈ ಆರು ತಿಂಗಳೆಂಬ ಸಂಖ್ಯೆ ಕಲ್ಪನೆಯಿಂದ ಬಂದದ್ದಲ್ಲ. ಅದು ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಗ್ರಹಣವಾಗುವ ಬಗೆಯನ್ನು ತುಸು ವಿವರವಾಗಿ ನೋಡಬೇಕಾಗುತ್ತದೆ.

ಚಂದ್ರನು ಭೂಮಿ ಮತ್ತು ಸೂರ್ಯರ ನಡುವೆ ಬಂದರೆ ಸೂರ್ಯಗ್ರಹಣ. ಭೂಮಿಯ ನೆರಳೊಳಗೆ ಚಂದ್ರ ಹೊಕ್ಕರೆ ಚಂದ್ರಗ್ರಹಣ. ಮೊದಲನೆಯದು ಅಮಾವಾಸ್ಯೆಯಲ್ಲಲ್ಲದೆ ಆಗದು, ಎರಡನೆಯದು ಹುಣ್ಣಿಮೆಯಲ್ಲಲ್ಲದೆ ಆಗದು. ಶಾಲೆಯ ಮಕ್ಕಳಿಗೂ ತಿಳಿದಿರುವ ಸಂಗತಿ ಇದು. ಆದರೆ ಪ್ರತಿ ಅಮಾವಾಸ್ಯೆಗೂ ಪ್ರತಿ ಹುಣ್ಣಿಮೆಗೂ ಗ್ರಹಣ ಏಕಿಲ್ಲ ಎಂಬ ಪ್ರಶ್ನೆಗೆ ಪದವೀಧರರೂ ತಡವರಿಸುವುದುಂಟು. ಚಂದ್ರನ ಕಕ್ಷೆ ಭೂಮಿಯ ಕಕ್ಷೆಯ ಸಮತಲಕ್ಕೆ ಸುಮಾರು 5 ಡಿಗ್ರಿಯಷ್ಟು ಓರೆಯಾಗಿದೆ. ಸೂರ್ಯಚಂದ್ರರ ಬಿಂಬಗಳಾದರೋ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲ. ಆದುದರಿಂದ ಬಹುತೇಕ ಅಮಾವಾಸ್ಯೆಗಳಲ್ಲಿ ಚಂದ್ರನು ಸೂರ್ಯನ ಮೇಲುಗಡೆಯೋ ಕೆಳಗಡೆಯೋ ಹಾದುಹೋಗುತ್ತಾನೆ. ಅವನ ನೆರಳು ಭೂಮಿಗೆ ತಗುಲುವುದಿಲ್ಲ. ಎರಡು ಪಥಗಳು ಒಂದನ್ನೊಂದು ಕತ್ತರಿಸುವ ಎರಡು ಬಿಂದುಗಳಿವೆ. ಇವನ್ನು ಸಿದ್ಧಾಂತಗ್ರಂಥಗಳು ಪಾತಗಳೆಂದು ಕರೆದವು. ಸೂರ್ಯನು ಇಂಥ ಒಂದು ಪಾತದ ಸಮೀಪದಲ್ಲಿರುವಾಗ ಅಮಾವಾಸ್ಯೆಯೋ ಹುಣ್ಣಿಮೆಯೋ ಒದಗಿದರೆ ಮಾತ್ರ ಗ್ರಹಣಕ್ಕೆ ಅವಕಾಶ.

ಪಾತಗಳು ಎರಡು, ಪರಸ್ಪರ ಎದುರುಬದುರು. ಸೂರ್ಯನು ಒಂದರಿಂದ ಇನ್ನೊಂದಕ್ಕೆ ಬರಲು ಸುಮಾರು 173 ದಿನ ಹಿಡಿಯುತ್ತದೆ. ಅಂದರೆ ಆರು ತಿಂಗಳಿಗಿಂತ ಸ್ವಲ್ಪ ಕಡಿಮೆ. ಆಗಮಗಳು ಹೇಳುವ ಕನಿಷ್ಠ ಅಂತರದ ಮೂಲ ಇದೇ. ತಲೆಮಾರುಗಳ ಕಾಲ ಹುಣ್ಣಿಮೆಗಳನ್ನು ಎಣಿಸಿ ನೋಡಿದವರಿಗಲ್ಲದೆ ಈ ಸಂಖ್ಯೆ ದಕ್ಕುವಂಥದ್ದಲ್ಲ. ಅದು ನಿರಪವಾದವಾದ ನಿಯಮವೇನಲ್ಲ. ಐದು ಚಾಂದ್ರಮಾಸಗಳ ಅಂತರದಲ್ಲಿ ಗ್ರಹಣ ಮರುಕಳಿಸುವುದುಂಟು. ಇಡೀ ಭೂಮಂಡಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 2011ರ ಜೂನ್ 1 ಮತ್ತು ಜುಲೈ 1ರಂತೆ ಒಂದೇ ತಿಂಗಳ ಅಂತರದಲ್ಲಿ ಎರಡು ಖಂಡ ಸೂರ್ಯಗ್ರಹಣಗಳೂ ಆಗುತ್ತವೆ. ಆದರೆ ಉತ್ತರ ಭಾರತದ ಒಂದು ಊರಿನಲ್ಲಿ ಕುಳಿತು ಬರಿಗಣ್ಣಿನಿಂದ ನೋಡಿದವನಿಗೆ ಆರು ತಿಂಗಳೆಂಬುದು ಪ್ರಾಮಾಣಿಕವಾದ ಸಂಖ್ಯೆ. ಚಂದ್ರನಿಗೆ 42 ತಿಂಗಳು, ಸೂರ್ಯನಿಗೆ 48 ವರ್ಷ ಎಂಬ ಗರಿಷ್ಠಗಳಲ್ಲಿ ಎರಡನೆಯದು ಅತಿಯಾಯಿತು. ಆದರೂ ಒಂದು ಊರಿಗೆ ಚಂದ್ರಗ್ರಹಣ ಹೆಚ್ಚಾಗಿಯೂ ಸೂರ್ಯಗ್ರಹಣ ವಿರಳವಾಗಿಯೂ ಕಾಣುತ್ತದೆಂಬ ಅನುಭವ ಅದರಲ್ಲಿ ಅಡಗಿದೆ.

ಆ ವಿರಳತೆಯ ಕಾರಣ ನೆರಳಿನ ಗಾತ್ರದಲ್ಲಿದೆ. ಭೂಮಿಯ ದಟ್ಟನೆರಳು ಚಂದ್ರನಿರುವ ದೂರದಲ್ಲಿ ಚಂದ್ರನ ವ್ಯಾಸದ ಎರಡೂವರೆ ಪಟ್ಟಿಗೂ ಮಿಕ್ಕಿ ಅಗಲವಾಗಿರುತ್ತದೆ; ಅದರೊಳಗೆ ಹೊಕ್ಕ ಚಂದ್ರನನ್ನು ಆಗ ರಾತ್ರಿಯಿರುವ ಅರ್ಧ ಭೂಮಿಯೆಲ್ಲ ಕಾಣುತ್ತದೆ. ಚಂದ್ರನ ನೆರಳಾದರೋ ಶಂಕುವಿನಂತೆ ಕಿರಿದಾಗುತ್ತ ಬಂದು ಭೂಮಿಯನ್ನು ಕೇವಲ ತುದಿಯಲ್ಲಿ ಮುಟ್ಟುತ್ತದೆ. ಆ ತುದಿಯ ಅಗಲ ಸಾಮಾನ್ಯವಾಗಿ 270 ಕಿಲೋಮೀಟರುಗಳನ್ನು ಮೀರುವುದಿಲ್ಲ. ಎಷ್ಟೋ ಸಲ ಮುಟ್ಟುವುದೂ ಇಲ್ಲ. ಚಂದ್ರ ದೂರದಲ್ಲಿದ್ದಾಗ ನೆರಳಿನ ಮೊನೆ ಭೂಮಿಯವರೆಗೆ ಬಾರದೆ, ಸೂರ್ಯನ ಅಂಚು ಬಳೆಯಂತೆ ಉಳಿಯುತ್ತದೆ, ಅದೇ ಕಂಕಣಗ್ರಹಣ. ಒಂದು ನಿರ್ದಿಷ್ಟ ಸ್ಥಳಕ್ಕೆ ಪೂರ್ಣ ಸೂರ್ಯಗ್ರಹಣ ಒದಗುವುದು ಸರಾಸರಿ ಮುನ್ನೂರೆಪ್ಪತ್ತೈದು ವರ್ಷಗಳಿಗೊಮ್ಮೆ ಎಂದು ಲೆಕ್ಕ. ಹತ್ತು ತಲೆಮಾರು ಕಾಣದ ದೃಶ್ಯವನ್ನು ಹನ್ನೊಂದನೆಯ ತಲೆಮಾರು ಕಂಡು ಬೆಚ್ಚಿದರೆ ಅದನ್ನು ಮೌಢ್ಯವೆಂದು ಹೀಗಳೆಯುವುದು ಸುಲಭ, ನ್ಯಾಯವಲ್ಲ.

ಕ್ರಿ.ಶ. 499ರ ಕಾಲದ ಆರ್ಯಭಟೀಯದ ಗೋಲಪಾದದಲ್ಲಿ ರಾಹುವಿಗೆ ಸ್ಥಾನವಿಲ್ಲ. ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಚ್ಛಾಯೆ ಎಂದು ಆರ್ಯಭಟ ಒಂದೇ ಪದ್ಯದಲ್ಲಿ ಮುಗಿಸಿ, ನೆರಳಿನ ಉದ್ದ ಅಗಲಗಳ ಗಣಿತಕ್ಕೆ ತೊಡಗುತ್ತಾನೆ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ರಾಹುಚಾರದಲ್ಲಿ ಪೌರಾಣಿಕ ಮತವನ್ನು ತರ್ಕದಿಂದಲೇ ಖಂಡಿಸುತ್ತಾನೆ. ಅದೇ ಅಧ್ಯಾಯದಲ್ಲಿ ಗ್ರಹಣದ ಶುಭಾಶುಭ ಫಲಗಳನ್ನೂ ಸಾವಕಾಶವಾಗಿ ಹೇಳುತ್ತಾನೆ. ಕಾರಣ ನೆರಳೆಂದು ಬಲ್ಲವನು ಫಲವನ್ನು ಬಿಡಲಿಲ್ಲ. ಬ್ರಹ್ಮಗುಪ್ತನದು ಇನ್ನೂ ಸ್ವಾರಸ್ಯದ ಪ್ರಸಂಗ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ರಾಹುವನ್ನು ಅಲ್ಲಗಳೆದವರನ್ನು ಅವನು ಸ್ಮೃತಿವಿರೋಧಿಗಳೆಂದು ಆಕ್ಷೇಪಿಸುತ್ತಾನೆ. ಆದರೆ ಅವನ ಗ್ರಹಣಗಣಿತವೆಲ್ಲ ನಡೆಯುವುದು ನೆರಳಿನ ಮೇಲೆಯೇ. ಹನ್ನೊಂದನೆಯ ಶತಮಾನದಲ್ಲಿ ಇದನ್ನು ಓದಿದ ಅಲ್‌ಬೆರೂನಿ, ಇಂಥ ಗಣಿತಜ್ಞ ಹೀಗೇಕೆ ಬರೆದನೆಂದು ಅಚ್ಚರಿಪಟ್ಟು, ತಿಳಿದೂ ಒತ್ತಡಕ್ಕೆ ಮಣಿದಿರಬೇಕೆಂದು ಊಹಿಸಿದ. ಆ ಊಹೆ ನಿಜವಿರಲಿ ಇಲ್ಲದಿರಲಿ, ಕಾರಣವನ್ನು ತಿಳಿದಿರುವುದು, ಗಣಿಸಲು ಬಲ್ಲವನಾಗಿರುವುದು, ಆಚರಣೆಯನ್ನು ಮನ್ನಿಸುವುದು ಈ ಮೂರೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಡ.

ಪುರಾಣದ ಮಾತು ಗಣಿತಜ್ಞರ ಕೈಯಲ್ಲಿ ಏನಾಯಿತೆಂಬುದು ಶಬ್ದಾರ್ಥದ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ. ಗ್ರಾಸವೆಂದರೆ ತುತ್ತು, ಸಿದ್ಧಾಂತಗಳಲ್ಲಿ ಅದು ಬಿಂಬದ ಮುಚ್ಚಿದ ಭಾಗದ ಅಳತೆ. ಸ್ಪರ್ಶ, ನಿಮೀಲನ, ಉನ್ಮೀಲನ, ಮೋಕ್ಷ ಇವು ಕ್ರಮವಾಗಿ ನಾಲ್ಕು ಕ್ಷಣಗಳ ಹೆಸರುಗಳಾದವು. ಮುಚ್ಚುವುದು ಛಾದಕ, ಮುಚ್ಚಿಸಿಕೊಳ್ಳುವುದು ಛಾದ್ಯ. ರಾಹುಕೇತುಗಳು ಚಂದ್ರಪಥದ ಎರಡು ಪಾತಗಳಿಗೆ ಹೆಸರಾಗಿ ನಿಂತರು: ಚಂದ್ರ ದಕ್ಷಿಣದಿಂದ ಉತ್ತರಕ್ಕೆ ದಾಟುವ ಬಿಂದು ರಾಹು, ಉತ್ತರದಿಂದ ದಕ್ಷಿಣಕ್ಕೆ ದಾಟುವ ಬಿಂದು ಕೇತು. ಇಂದಿನ ಪಂಚಾಂಗದಲ್ಲಿಯೂ ಈ ಬಳಕೆ ಜೀವಂತ. 2019ರ ಡಿಸೆಂಬರ್ 26ರಂದು ಕೊಡಗಿನ ಕುಟ್ಟದಲ್ಲಿಯೂ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿಯೂ ಕಂಡ ಕಂಕಣಗ್ರಹಣ ಕೇತುಗ್ರಸ್ತ. 2020ರ ಜೂನ್ 21ರಂದು ಉತ್ತರ ಭಾರತದಲ್ಲಿ ಕಂಡದ್ದು ರಾಹುಗ್ರಸ್ತ. ಅಂಧಶ್ರದ್ಧೆಯ ಪದವೆಂದು ದೂರವಿಡುವವನಿಗೆ ಇದರಲ್ಲಿ ಏನೂ ಕಾಣದು. ಆದರೆ ಚಂದ್ರನು ಯಾವ ಪಾತದ ಬಳಿ ಇದ್ದನೆಂಬ ಖಚಿತವಾದ ಖಗೋಳಮಾಹಿತಿಯನ್ನು ಆ ಒಂದು ಸಮಾಸಪದ ಕೊಡುತ್ತದೆ.

ಕನ್ನಡನಾಡಿನ ಜೈನ ಪರಂಪರೆಯನ್ನು ನೋಡಿದರೂ ಇದೇ ದ್ವಂದ್ವ ಎದುರಾಗುತ್ತದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದ ಪೀಠಿಕೆಯಲ್ಲಿ ಗಣಿತದ ಉಪಯೋಗಗಳನ್ನು ಪಟ್ಟಿಮಾಡುತ್ತ, ಸೂರ್ಯಾದಿ ಗ್ರಹಗಳ ಚಲನೆ, ಗ್ರಹಣ, ಗ್ರಹಗಳ ಯುತಿ ಇವುಗಳಲ್ಲೆಲ್ಲ ಗಣಿತವೇ ಅಂಗೀಕೃತವೆನ್ನುತ್ತಾನೆ. ಗ್ರಹಣ ಲೆಕ್ಕದ ವಿಷಯವೆಂಬುದರಲ್ಲಿ ಅವನಿಗೆ ಸಂದೇಹವಿಲ್ಲ. ಅವನಾದ ಮೇಲೆ ಸುಮಾರು ನೂರಿಪ್ಪತ್ತು ವರ್ಷಗಳಿಗೆ, ಚಾವುಂಡರಾಯನ ಗುರುವಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ತ್ರಿಲೋಕಸಾರವನ್ನು ಬರೆದಾಗ, ಚಂದ್ರನ ಕೆಳಗೆ ರಾಹುವಿನ ವಿಮಾನವೂ ಸೂರ್ಯನ ಕೆಳಗೆ ಕೇತುವಿನ ವಿಮಾನವೂ ಚಲಿಸುತ್ತ ಆರು ತಿಂಗಳ ಕೊನೆಯ ಪರ್ವಗಳಲ್ಲಿ ಅವುಗಳನ್ನು ಮರೆಮಾಡುತ್ತವೆ ಎಂಬ ಪ್ರಾಚೀನ ಮತವನ್ನೇ ಹೇಳುತ್ತಾನೆ. ಆಮೇಲೆ ಶತಮಾನ ತುಂಬುವುದರೊಳಗೆ, 1049ರಲ್ಲಿ, ನರಗುಂದದ ಶ್ರೀಧರಾಚಾರ್ಯ ಜಾತಕತಿಲಕದ ಮೂಲಕ ಜ್ಯೋತಿಷವನ್ನು ಕನ್ನಡಕ್ಕೆ ತಂದ. ಮೂವರೂ ಜೈನರು, ಮೂವರೂ ವಿದ್ವಾಂಸರು. ಅವರನ್ನು ಒಂದು ರೇಖೆಯ ಮೇಲೆ ಹಿಂದುಳಿದವರು ಮುಂದುವರಿದವರು ಎಂದು ನಿಲ್ಲಿಸುವುದು ಅಸಂಗತ. ತ್ರಿಲೋಕಸಾರ ಲೋಕರಚನೆಯ ಆಗಮಪರಂಪರೆಯನ್ನು ಸಂಗ್ರಹಿಸಿ ಕೊಡುವ ಗ್ರಂಥ; ಮಹಾವೀರಾಚಾರ್ಯನದು ಲೆಕ್ಕ ಕಲಿಸುವ ಗ್ರಂಥ. ಎರಡರ ಉದ್ದೇಶವೂ ಬೇರೆ, ಪ್ರಮಾಣವೂ ಬೇರೆ.

ವಿಮಾನದ ವಿವರಣೆಯನ್ನು ಇಂದಿನ ಭೌತವಿಜ್ಞಾನಕ್ಕೆ ಹೊಂದಿಸಲು ಕೆಲವರು ಪಡುವ ಪಾಡು ಆದ್ದರಿಂದಲೇ ವ್ಯರ್ಥ. ರಾಹುವಿಮಾನವೆಂದರೆ ಭೂಚ್ಛಾಯೆಯೇ, ಎರಡು ಸೂರ್ಯರೆಂದರೆ ಇನ್ನೇನೋ ಎಂದು ಅರ್ಥ ಹಿಗ್ಗಿಸಿದರೆ ಗ್ರಂಥಕ್ಕೂ ಗೌರವ ಉಳಿಯದು, ವಿಜ್ಞಾನಕ್ಕೂ ಉಳಿಯದು. ಜಂಬೂದ್ವೀಪಕ್ಕೆ ಎರಡು ಸೂರ್ಯ ಎರಡು ಚಂದ್ರರೆಂಬ ಮತವನ್ನು ಸಿದ್ಧಾಂತಕಾರರು ಆ ಕಾಲದಲ್ಲಿಯೇ ಖಂಡಿಸಿದ್ದರು; ಖಂಡನೆ ಬಲ್ಲವರೂ ಆ ಪಾಠವನ್ನು ಅಳಿಸಲಿಲ್ಲ, ಪ್ರತಿಮಾಡಿ ಉಳಿಸಿದರು. ಪಾಠವನ್ನು ಉಳಿಸುವುದೂ ಪಾಠವನ್ನು ಸಮರ್ಥಿಸುವುದೂ ಎರಡು ಬೇರೆ ಕೆಲಸಗಳೆಂಬ ವಿವೇಕ ತಾಳೆಗರಿ ಕೊರೆದ ಲಿಪಿಕಾರನಿಗೆ ಇತ್ತು.

ಕಾವ್ಯದ ಓದುಗರಿಗೂ ಇಲ್ಲಿ ಕೆಲಸವಿದೆ. ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ ಸೀತೆಯನ್ನು ಕುರಿತ ಜನಾಪವಾದವನ್ನು ಕೇಳಿದ ರಾಮನ ಬಾಯಲ್ಲಿ ಕಾಳಿದಾಸ ಇಡುವ ಉಪಮೆ ಭೂಮಿಯ ನೆರಳಿನದು: ಆ ನೆರಳನ್ನು ಜನರು ಶುದ್ಧನಾದ ಚಂದ್ರನ ಮೇಲೆ ಕಳಂಕವೆಂದು ಆರೋಪಿಸಿದ್ದಾರೆ. ಇಲ್ಲಿ ಉದ್ದಿಷ್ಟವಾದದ್ದು ಗ್ರಹಣವೋ ಚಂದ್ರಬಿಂಬದ ಸಹಜವಾದ ಕಪ್ಪು ಕಲೆಯೋ ಎಂಬ ಚರ್ಚೆಯುಂಟು. ಯಾವುದನ್ನು ಒಪ್ಪಿದರೂ ಉಪಮೆಯ ಜೀವ ಒಂದೇ ಕಡೆ ಇದೆ. ದೋಷ ಚಂದ್ರನದಲ್ಲ, ನೋಡುವವರು ನಿಂತಿರುವ ನೆಲದ್ದೇ ನೆರಳು. ಅಪವಾದ ಹೊರಿಸಿದ ಜನ ತಮ್ಮ ನೆರಳನ್ನೇ ಸೀತೆಯ ಮೇಲೆ ಕಂಡರೆಂಬ ಧ್ವನಿ ಭೂಚ್ಛಾಯೆಯ ತತ್ತ್ವ ತಿಳಿದ ಸಹೃದಯನಿಗಷ್ಟೇ ಪೂರ್ತಿಯಾಗಿ ಕೇಳಿಸುತ್ತದೆ. ರಾಹು ನುಂಗಿದನೆಂಬ ಕಲ್ಪನೆಯಲ್ಲಿ ಈ ಧ್ವನಿಗೆ ಎಡೆಯೇ ಇಲ್ಲ.

ಶಾಸನಗಳ ವಿಷಯಕ್ಕೆ ಬಂದರೆ ಗ್ರಹಣಜ್ಞಾನ ಅಲಂಕಾರವಲ್ಲ, ಅನಿವಾರ್ಯ. ಕರ್ನಾಟಕದ ದತ್ತಿಶಾಸನಗಳಲ್ಲಿ ಸಂಕ್ರಮಣ, ವ್ಯತೀಪಾತಗಳ ಜೊತೆಗೆ ಸೂರ್ಯಗ್ರಹಣ, ಸೋಮಗ್ರಹಣಗಳ ಉಲ್ಲೇಖ ಹೇರಳ. ದೇವಾಲಯಕ್ಕೆ ಬಿಟ್ಟ ಭೂಮಿಯಿರಲಿ, ಬಸದಿಗೆ ಬಿಟ್ಟ ತೋಟವಿರಲಿ, ಧಾರೆಯೆರೆಯಲು ಆ ಪರ್ವವೇ ಪ್ರಶಸ್ತ. ಪಟ್ಟದಕಲ್ಲಿನಲ್ಲಿ ಚಾಲುಕ್ಯ ಎರಡನೆಯ ಕೀರ್ತಿವರ್ಮನ ಕಾಲದ ಕಂಬದ ಶಾಸನ ಇದಕ್ಕೆ ಪ್ರಸಿದ್ಧ ನಿದರ್ಶನ. ಗಂಗೆಯ ಉತ್ತರತೀರದ ಕಡೆಯಿಂದ ಬಂದ ಜ್ಞಾನಶಿವಾಚಾರ್ಯ ನಿಲ್ಲಿಸಿದ ಆ ಕಂಬದಲ್ಲಿ ಒಂದೇ ಪಾಠ ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿಯೂ ಈ ನಾಡಿನ ಲಿಪಿಯಲ್ಲಿಯೂ ಇದೆ. ಅದರಲ್ಲಿ ಹೇಳಿರುವ ಪೂರ್ಣ ಸೂರ್ಯಗ್ರಹಣವನ್ನು ವಿದ್ವಾಂಸರು 754ರ ಜೂನ್ 25ಕ್ಕೆ ಹೊಂದಿಸಿದ್ದಾರೆ. ಅದಾಗಿ ಕೆಲವೇ ವರ್ಷಗಳಲ್ಲಿ ಬಾದಾಮಿಯ ಚಾಲುಕ್ಯರ ಆಳ್ವಿಕೆ ಮುಗಿಯಿತು. ಆ ವಂಶದ ಕೊನೆಯ ದಿನಗಳ ಕಾಲಕ್ರಮದಲ್ಲಿ ಈ ಒಂದು ದಿನ ಮೊಳೆ ಹೊಡೆದಂತೆ ನಿಲ್ಲುವುದು ಗ್ರಹಣದಿಂದಾಗಿ.

ಆದರೆ ಈ ಮೊಳೆಯನ್ನು ಎಲ್ಲೆಂದರಲ್ಲಿ ಹೊಡೆಯಲಾಗದು. ಶಾಸನದಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳ ಜೊತೆಗೆ ಗ್ರಹಣವೂ ಸೇರಿದಾಗ ಪರಸ್ಪರ ತಾಳೆ ನೋಡಲು ಅವಕಾಶವಿದೆ. ಬರಿಯ ಗ್ರಹಣದ ಹೆಸರಿನಿಂದ ಕಾಲನಿರ್ಣಯ ಮಾಡುವುದು ಮರಳಿನ ಮೇಲೆ ಕಟ್ಟಿದ ಮನೆ. ಪ್ರತಿ ವರ್ಷವೂ ಭೂಮಿಯ ಮೇಲೆ ಎಲ್ಲಿಯಾದರೂ ಎರಡರಿಂದ ಐದು ಸೂರ್ಯಗ್ರಹಣಗಳಾಗುತ್ತವೆ. ಹುಡುಕಿದವನಿಗೆ ಬೇಕಾದ ವರ್ಷದಲ್ಲಿ ಒಂದು ಸಿಕ್ಕೇ ಸಿಗುತ್ತದೆ.

ಮಾಸದ ಹೆಸರಿನ ತೊಡಕು ಇನ್ನೊಂದು. ಚಂದ್ರಗ್ರಹಣ ಹುಣ್ಣಿಮೆಯಲ್ಲಿ ಆಗುವುದರಿಂದ ಅಮಾಂತ ಪೂರ್ಣಿಮಾಂತ ಎರಡೂ ಪದ್ಧತಿಗಳಲ್ಲಿ ಮಾಸದ ಹೆಸರು ಒಂದೇ. ಸೂರ್ಯಗ್ರಹಣ ಅಮಾವಾಸ್ಯೆಯದು, ಅಮಾಂತದಲ್ಲಿ ಆಷಾಢ ಅಮಾವಾಸ್ಯೆಯೆನಿಸುವ ದಿನವೇ ಪೂರ್ಣಿಮಾಂತದಲ್ಲಿ ಶ್ರಾವಣದ ಅಮಾವಾಸ್ಯೆ. ಇದನ್ನು ಮರೆತವನು ಸರಿಯಾದ ಶಾಸನದಲ್ಲಿ ಒಂದು ತಿಂಗಳ ದೋಷ ಕಾಣುತ್ತಾನೆ. ವಾರದ ವಿಷಯದಲ್ಲಿಯೂ ಎಚ್ಚರ ಬೇಕು. ಇಲ್ಲಿನ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ನಡುರಾತ್ರಿ ದಾಟಿ ಎರಡು ಗಂಟೆಗೆ ಹಿಡಿದ ಸೋಮವಾರದ ಚಂದ್ರಗ್ರಹಣ ಗಣಕಯಂತ್ರದ ಪಟ್ಟಿಯಲ್ಲಿ ಮಂಗಳವಾರದ ದಿನಾಂಕದಡಿ ಕಾಣುತ್ತದೆ. ಲಿಪಿಕಾರ ತಪ್ಪಿದನೆಂದು ಅಡಿಟಿಪ್ಪಣಿ ಬರೆಯುವ ಮೊದಲು ಗಂಟೆಯನ್ನು ನೋಡುವುದು ಒಳ್ಳೆಯದು. ಅಕ್ಷರ ಸವೆದು ‘ಗ್ರಹಣ’ವೆಂಬ ಕೊನೆಯ ಭಾಗ ಮಾತ್ರ ಉಳಿದ ಸಾಲಿನಲ್ಲಿ ಹುಣ್ಣಿಮೆಯೆಂದು ಓದಲು ಬಂದರೆ, ಕಳೆದ ಅಕ್ಷರಗಳು ‘ಸೂರ್ಯ’ವಾಗಲಾರವು. ಪಾಠಸಂಪಾದನೆಗೆ ಆಕಾಶವೇ ಒಂದು ಪ್ರತ್ಯಂತರ.

ಎಲ್ಲಕ್ಕಿಂತ ಗಂಭೀರವಾದದ್ದು ‘ಕಾಣದ ಗ್ರಹಣ’ದ ಪ್ರಶ್ನೆ. ದತ್ತಿ ಕೊಟ್ಟ ಊರಿನಲ್ಲಿ, ಎಷ್ಟೋ ಸಲ ಇಡೀ ಭಾರತದಲ್ಲಿಯೇ, ಗೋಚರವಾಗದಿದ್ದ ಗ್ರಹಣಗಳು ಶಾಸನಗಳಲ್ಲಿ ಉಲ್ಲೇಖಗೊಂಡಿವೆ. ಒಪ್ಪೋಲ್ಜರನ 1887ರ ಗ್ರಹಣಕೋಶ, ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ 1896ರ ಕಾಲಗಣನಾಗ್ರಂಥ, 1922ರ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳು ಕೈಗೆ ಬಂದ ಮೇಲೆ ಈ ವಿಸಂಗತಿ ಬಯಲಾಯಿತು. ಕಾಣದ ಗ್ರಹಣವನ್ನು ಹೇಳುವ ಶಾಸನ ಕೂಟಶಾಸನವೆಂದು ತೀರ್ಮಾನಿಸುವ ಪ್ರವೃತ್ತಿ ಅಲ್ಲಿಂದ ಇಂದಿನವರೆಗೂ ಇದೆ. ಇದು ಸರಿಯಾದ ತರ್ಕವಲ್ಲ. ಗ್ರಹಣದ ದಿನ ತಿಳಿಯುತ್ತಿದ್ದುದು ಕಣ್ಣಿನಿಂದಲ್ಲ, ಜೋಯಿಸರ ಲೆಕ್ಕದಿಂದ. ಅಮಾವಾಸ್ಯೆಯಂದು ಸೂರ್ಯ ಪಾತದ ಸಮೀಪವಿದ್ದಾನೆಂದು ಲೆಕ್ಕ ಹೇಳಿದರೆ ಪರ್ವಕಾಲ ಸಿದ್ಧವಾಯಿತು. ಆ ಊರಿನಲ್ಲಿ ಕಾಣುವುದೋ ಇಲ್ಲವೋ ಎಂಬುದಕ್ಕೆ ಲಂಬನದ ಇನ್ನೊಂದು ಕಠಿಣ ಗಣಿತ ಬೇಕು, ಅದನ್ನು ಎಲ್ಲರೂ ಮಾಡುತ್ತಿರಲಿಲ್ಲ. ದಾನ ಕೊಟ್ಟ ಅರಸ ದೂರದ ನೆಲೆವೀಡಿನಲ್ಲಿದ್ದಿರಲೂಬಹುದು. ಬದಲಾಗಿ, ನಂತರದ ಕಾಲದ ಕೂಟಶಾಸನಕಾರನು ಹಳೆಯ ಕಾಲಕ್ಕೆ ಹಿಂದೆ ಎಣಿಸಿ ನಿಜವಾದ ಗ್ರಹಣದ ದಿನವನ್ನು ಹಿಡಿಯುವುದು ಸುಲಭದ ಮಾತಲ್ಲ. ಆದ್ದರಿಂದ ಕಾಣದಿದ್ದರೂ ಲೆಕ್ಕಕ್ಕೆ ಸರಿಹೊಂದುವ ಗ್ರಹಣ ಶಾಸನದ ಸಾಚಾತನಕ್ಕೆ ವಿರುದ್ಧವಲ್ಲ, ಎಷ್ಟೋ ಸಂದರ್ಭಗಳಲ್ಲಿ ಪರವಾದ ಸಾಕ್ಷ್ಯ. ಕೂಟವೆಂದು ಮೂಲೆಗೆ ಸರಿಸಿದ ಶಾಸನಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ತೆರೆದು ನೋಡುವುದು ಆಗಬೇಕಾದ ಕೆಲಸ. ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಅವರಂಥವರು ಶಾಸನಗಳ ಖಗೋಳೋಲ್ಲೇಖಗಳನ್ನು ಕಲೆಹಾಕಿ ದಾರಿ ತೆರೆದಿದ್ದಾರೆ. ಕನ್ನಡ ವಿಭಾಗಗಳು ಆ ದಾರಿಯಲ್ಲಿ ಇನ್ನೂ ಹೆಚ್ಚು ನಡೆದಿಲ್ಲ.

ಶಾಸನದಲ್ಲಿ ಸಾಧ್ಯವಾದದ್ದನ್ನು ಮಹಾಕಾವ್ಯದಲ್ಲಿ ಸಾಧಿಸಹೊರಟವರ ಕಥೆ ಬೇರೆ. ಮಹಾಭಾರತದ ಭೀಷ್ಮಪರ್ವದಲ್ಲಿ ವ್ಯಾಸರು ಧೃತರಾಷ್ಟ್ರನಿಗೆ ಹೇಳುವ ಉತ್ಪಾತಗಳಲ್ಲಿ ಒಂದೇ ಮಾಸದಲ್ಲಿ, ಹದಿಮೂರನೆಯ ದಿನಕ್ಕೆ, ಸೂರ್ಯಚಂದ್ರರಿಬ್ಬರಿಗೂ ಗ್ರಹಣವಾದ ಮಾತಿದೆ. ಇದನ್ನು ಹಿಡಿದು ಯುದ್ಧದ ‘ವೈಜ್ಞಾನಿಕ’ ದಿನಾಂಕ ಕಂಡುಹಿಡಿದವರು ಹಲವರು. ಅವರ ದಿನಾಂಕಗಳ ನಡುವಿನ ವ್ಯತ್ಯಾಸ ಸಾವಿರಾರು ವರ್ಷ. ಕೆಟ್ಟ ಶಕುನಗಳ ಪಟ್ಟಿಯಲ್ಲಿ ಬಂದ ಗ್ರಹಣವನ್ನು ಪಂಚಾಂಗದ ಗ್ರಹಣವೆಂದು ಓದಿದ್ದರ ಫಲವಿದು. ಜಯದ್ರಥವಧೆಯ ದಿನ ಸೂರ್ಯ ಮರೆಯಾದದ್ದು ಪೂರ್ಣಗ್ರಹಣವೇ ಎಂಬ ವಾದವೂ ಜನಪ್ರಿಯ. ದ್ರೋಣಪರ್ವವನ್ನು ಮುಂದೆ ಓದಿದರೆ ಸಾಕು: ಅದೇ ರಾತ್ರಿ ಯುದ್ಧ ಮುಂದುವರಿಯುತ್ತದೆ, ದಣಿದ ಸೈನಿಕರು ಅರ್ಜುನನ ಮಾತಿನಂತೆ ಚಂದ್ರೋದಯದವರೆಗೆ ಮಲಗುತ್ತಾರೆ, ತಡರಾತ್ರಿಯಲ್ಲಿ ಚಂದ್ರ ಮೂಡಿದ ಮೇಲೆ ಏಳುತ್ತಾರೆ. ಸೂರ್ಯಗ್ರಹಣವಾದದ್ದು ಅಮಾವಾಸ್ಯೆ, ಅಮಾವಾಸ್ಯೆಯ ತಡರಾತ್ರಿ ಚಂದ್ರ ಮೂಡುವುದಿಲ್ಲ. ಇಂದಿರುವ ಪಾಠವನ್ನು ಒಪ್ಪುವುದಾದರೆ ಆ ಹಗಲು ಗ್ರಹಣವಾಗಿರಲು ಸಾಧ್ಯವಿಲ್ಲ. ಇದನ್ನು ಹೇಳಲು ಗಣಕಯಂತ್ರ ಬೇಡ, ಮುಂದಿನ ಅಧ್ಯಾಯ ಓದುವ ತಾಳ್ಮೆ ಬೇಕು.

ಲೆಕ್ಕ ಹಾಕಿದವರೆಲ್ಲ ತತ್ತ್ವ ಬಲ್ಲವರಾಗಿದ್ದರೆಂದೂ ತಿಳಿಯಬಾರದು. ಜಾನ್ ವಾರೆನ್ 1825ರ ಕಾಲಸಂಕಲಿತದಲ್ಲಿ ಪುದುಚೇರಿಯ ಒಬ್ಬ ತಮಿಳು ಪಂಚಾಂಗಕರ್ತನ ವೃತ್ತಾಂತ ಕೊಡುತ್ತಾನೆ. ಆತ ನೆಲದ ಮೇಲೆ ಕವಡೆಗಳನ್ನು ಜೋಡಿಸುತ್ತ, ಬಾಯಿಪಾಠವಾಗಿದ್ದ ವಾಕ್ಯಗಳನ್ನು ಗುನುಗುತ್ತ, ಕಾಗದ ಮುಟ್ಟದೆ ಆ ವರ್ಷದ ಚಂದ್ರಗ್ರಹಣವನ್ನು ಗಣಿಸಿದ. ಸ್ಪರ್ಶಕಾಲದಲ್ಲಿ ತಪ್ಪಿದ್ದು ನಾಲ್ಕೇ ನಿಮಿಷ. ಮೋಕ್ಷಕಾಲದಲ್ಲಿ ಮಾತ್ರ ಮುಕ್ಕಾಲು ಗಂಟೆಗೂ ಹೆಚ್ಚು. ಅವನಿಗೆ ಸಿದ್ಧಾಂತದ ಉಪಪತ್ತಿ ಗೊತ್ತಿರಲಿಲ್ಲವೆಂದು ವಾರೆನ್ ಬರೆದಿದ್ದಾನೆ. ಅದಕ್ಕೆ ನಾಲ್ಕು ಶತಮಾನ ಹಿಂದೆ ಕೇರಳದ ಪರಮೇಶ್ವರ 1393ರಿಂದ ನಾಲ್ಕು ದಶಕ ಗ್ರಹಣಗಳನ್ನು ಸ್ವತಃ ನೋಡಿ, ಶಾಸ್ತ್ರದ ಸಂಖ್ಯೆಗಳು ಕಣ್ಣಿಗೆ ತಾಳೆಯಾಗದಿದ್ದಾಗ ಸಂಖ್ಯೆಗಳನ್ನೇ ತಿದ್ದಿ 1431ರಲ್ಲಿ ದೃಗ್ಗಣಿತ ರಚಿಸಿದ್ದ. ಒಂದೇ ದಕ್ಷಿಣದೇಶದ ಇಬ್ಬರು. ಒಬ್ಬನು ಉಳಿಸಿಕೊಂಡ, ಒಬ್ಬನು ತಿದ್ದಿದ. ಪರಂಪರೆ ಎಂಬ ಒಂದೇ ಪದದಲ್ಲಿ ಇಬ್ಬರನ್ನೂ ಹಾಕಿ ಕಟ್ಟುವವರು ಪರಮೇಶ್ವರನ ಶ್ರಮವನ್ನು ಅಳಿಸುತ್ತಾರೆ.

ಪಟ್ಟದಕಲ್ಲಿಗೆ ಹೆಚ್ಚು ದೂರವಲ್ಲದ ಜಮಖಂಡಿಯಲ್ಲಿ 1868ರ ಆಗಸ್ಟ್ 18ರಂದು ವಿಲಿಯಂ ಹರ್ಷೆಲನ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ದೂರದರ್ಶಕ ಹೂಡಿ ಮೋಡಗಳ ಸಂದಿಯಲ್ಲಿ ಪೂರ್ಣಗ್ರಹಣವನ್ನು ಕಂಡ; ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಇದ್ದ. ಅಂದು ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದಾಗ ಅವು ಉರಿಯುವ ಅನಿಲವೆಂದು ಖಚಿತವಾಯಿತು. 1980ರ ಫೆಬ್ರವರಿ 16ರ ಪೂರ್ಣಗ್ರಹಣದ ಪಥ ಅಂಕೋಲ, ಹುಬ್ಬಳ್ಳಿ, ರಾಯಚೂರುಗಳ ಸೀಮೆಯಲ್ಲಿ ಹಾದುಹೋಯಿತು. ಅಂದು ಬಹಳ ಮಂದಿ ಬಾಗಿಲು ಮುಚ್ಚಿ ಒಳಗುಳಿದರು. ಕಾಣದ ಗ್ರಹಣಕ್ಕೂ ಭೂಮಿ ಬಿಟ್ಟು ಶಾಸನ ಹಾಕಿಸಿದವರ ನಾಡಿನಲ್ಲಿ ಕಾಣುವ ಗ್ರಹಣಕ್ಕೆ ಬೆನ್ನು ತಿರುಗಿಸಿದವರೂ ಇದ್ದರು. ಮುಂದೆ ಬರಲಿರುವ ಒಂದು ಅವಕಾಶ 2031ರ ಮೇ 21. ಅಂದಿನ ಕಂಕಣಪಥ ಕೇರಳ ತಮಿಳುನಾಡುಗಳ ಮೇಲೆ ಹಾಯುತ್ತದೆ, ಕರ್ನಾಟಕಕ್ಕೆ ಖಂಡಗ್ರಾಸ. ಆ ವರ್ಷದ ಪಂಚಾಂಗದಲ್ಲಿ ಅದು ಕೇತುಗ್ರಸ್ತವೆಂದು ಅಚ್ಚಾಗಿರಬೇಕು: ಸೂರ್ಯ ಅಂದು ವೃಷಭದಲ್ಲಿ, ಚಂದ್ರ ತನ್ನ ಪಥದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಬಿಂದುವಿನ ಹತ್ತಿರ.